ರದ್ದು, ಮೊಟಕು, ಅನೂರ್ಜಿತ: ನಿಂತುಹೋದ ಲೀಗ್‌ನ ಕ್ಲಬ್‌ಗಳ ಬಗ್ಗೆ ಬರೆಯಲು ಪದಗಳು ಬೇಕಾಗಿವೆ

ಪದಚರ್ಚೆಯ ಬಳಗಕ್ಕೆ ವಿರಾಜಪೇಟೆಯಿಂದ ನಮಸ್ಕಾರ.

ಲೀಗ್ ನಡುವೆಯೇ ನಿಂತುಹೋದರೆ ವೃತ್ತಿಪರ ಫುಟ್‌ಬಾಲ್ ಕ್ಲಬ್‌ಗಳು ಹೇಗೆ ಬದುಕಿಕೊಳ್ಳುತ್ತವೆ, ಆಮೇಲೆ ಅವುಗಳಲ್ಲಿ ಏನೇನು ಬದಲಾಗುತ್ತದೆ ಎಂಬ ಬಗ್ಗೆ ನಮ್ಮ ತಾಲ್ಲೂಕಿನ ಯುವಕ ಸಂಘಗಳಿಗಾಗಿ ಒಂದು ಕಿರುಪುಸ್ತಿಕೆ ಬರೆಯುತ್ತಿದ್ದೇನೆ. ಕೊಡಗು ಎಂದರೆ ಹಾಕಿ ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಯ ಕಡೆಯ ಹುಡುಗರ ಕಾಲಲ್ಲಿ ಚೆಂಡೂ ಇದೆ, ರಾತ್ರಿ ಯುರೋಪಿನ ಪಂದ್ಯ ನೋಡುವ ಹುಚ್ಚೂ ಇದೆ. ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಲು ಕುಳಿತಾಗ ನನ್ನನ್ನು ತಡೆದು ನಿಲ್ಲಿಸಿದ್ದು ‘ರದ್ದು’ ಎಂಬ ಪದ. ನಮ್ಮ ಕ್ರೀಡಾಪುಟಗಳು ಈ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ತುಂಬುತ್ತಿವೆ. ಆ ನಾಲ್ಕರಲ್ಲಿ ಯಾವುದು ಎಂಬುದರ ಮೇಲೆಯೇ ಒಂದು ಕ್ಲಬ್‌ನ ಅಳಿವು ಉಳಿವು ನಿಂತಿರುತ್ತದೆ.

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಕೋವಿಡ್‌ನಿಂದಾಗಿ ಯುರೋಪಿನ ಬಹುತೇಕ ಎಲ್ಲ ಲೀಗ್‌ಗಳೂ ನಿಂತವು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮಾರ್ಚ್ 13ರಂದು ನಿಂತು ಜೂನ್ 17ರಂದು ಮತ್ತೆ ಶುರುವಾಯಿತು, ಉಳಿದ ಪಂದ್ಯಗಳೆಲ್ಲ ನಡೆದು ಲಿವರ್‌ಪೂಲ್ ಚಾಂಪಿಯನ್ ಆಯಿತು. ಫ್ರಾನ್ಸ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿ ಏಪ್ರಿಲ್ 30ರಂದು ಲೀಗನ್ನು ಅಲ್ಲಿಗೇ ಮುಗಿಸಿ, ಆಡಿದ ಪಂದ್ಯಗಳ ಸರಾಸರಿ ಅಂಕ ನೋಡಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬನ್ನು ಚಾಂಪಿಯನ್ ಎಂದು ಘೋಷಿಸಿದರು. ನೆದರ್ಲೆಂಡ್ಸ್‌ನವರು ಏಪ್ರಿಲ್ 24ರಂದು ತೆಗೆದುಕೊಂಡ ತೀರ್ಮಾನ ಇನ್ನೂ ಬೇರೆ. ಅಯಾಕ್ಸ್ ಮತ್ತು ಎಝಡ್ ಎಂಬ ಕ್ಲಬ್‌ಗಳು ತಲಾ 56 ಅಂಕ ಪಡೆದು ಮೇಲಿದ್ದವು. ಯಾರಿಗೂ ಪ್ರಶಸ್ತಿ ಇಲ್ಲ, ಯಾರೂ ಮೇಲಕ್ಕೆ ಹೋಗುವುದಿಲ್ಲ, ಯಾರೂ ಕೆಳಕ್ಕೆ ಬರುವುದಿಲ್ಲ ಎಂದುಬಿಟ್ಟರು. ಎರಡನೇ ದರ್ಜೆಯಲ್ಲಿ ಅಗ್ರಸ್ಥಾನದಲ್ಲಿದ್ದ ಕ್ಯಾಂಬೂರ್ ಇದ್ದಲ್ಲಿಯೇ ಉಳಿಯಬೇಕಾಯಿತು. ಇಂಗ್ಲೆಂಡಿನ ಕೆಳಹಂತದ ಲೀಗ್‌ಗಳಲ್ಲಂತೂ ಆಡಿದ ಪಂದ್ಯಗಳ ಫಲಿತಾಂಶವನ್ನೇ ದಾಖಲೆಯಿಂದ ಅಳಿಸಿದರು. ಜೆರ್ಸಿ ದ್ವೀಪದ ಜೆರ್ಸಿ ಬುಲ್ಸ್ ಎಂಬ ಕ್ಲಬ್ ತನ್ನ ಮೊದಲ ಲೀಗ್ ವರ್ಷದಲ್ಲಿ ಆಡಿದ 27 ಪಂದ್ಯಗಳನ್ನೂ ಗೆದ್ದಿತ್ತು. ಲೆಕ್ಕಕ್ಕೆ ಅವು ಯಾವುವೂ ಸಿಗಲಿಲ್ಲ.

ಈಗ ಪದಗಳಿಗೆ ಬರೋಣ. ಮೊದಲನೆಯದಕ್ಕೆ, ಅಂದರೆ ಇಂಗ್ಲೆಂಡಿನಂತೆ ನಿಂತು ಮತ್ತೆ ಶುರುವಾಗುವುದಕ್ಕೆ, ‘ಸ್ಥಗಿತ’ ಸಾಕು ಎನಿಸುತ್ತದೆ, ಆದರೆ ‘ಕಾರ್ಖಾನೆ ಸ್ಥಗಿತ’ ಎಂದಾಗ ನಮ್ಮ ಕಿವಿಗೆ ಶಾಶ್ವತವಾಗಿ ಮುಚ್ಚಿದಂತೆಯೂ ಕೇಳಿಸುವುದರಿಂದ ‘ತಾತ್ಕಾಲಿಕ’ ಎಂಬ ವಿಶೇಷಣ ಸೇರಿಸಲೇಬೇಕು. ಫ್ರಾನ್ಸ್‌ನ ರೀತಿಗೆ ‘ಮೊಟಕು’ ಎಂಬುದಕ್ಕಿಂತ ಒಳ್ಳೆಯ ಪದ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ವಿಧಾನಮಂಡಲದ ಅಧಿವೇಶನ ಮೊಟಕಾಗುತ್ತದೆ, ಮಂತ್ರಿಯ ಪ್ರವಾಸ ಮೊಟಕಾಗುತ್ತದೆ, ಮಳೆ ಬಂದರೆ ಕ್ರಿಕೆಟ್ ಪಂದ್ಯದ ಓವರುಗಳು ಮೊಟಕಾಗುತ್ತವೆ. ಎಲ್ಲ ಕಡೆಯೂ ಅರ್ಥ ಒಂದೇ: ಉದ್ದ ಕಡಿಮೆಯಾಯಿತು, ಆದರೆ ನಡೆದಷ್ಟು ಊರ್ಜಿತ. ನೆದರ್ಲೆಂಡ್ಸ್‌ನದು ನಿಜವಾದ ‘ರದ್ದು’. ನಾಲ್ಕನೆಯದಕ್ಕೆ ‘ಅನೂರ್ಜಿತ’ ಎಂದು ನ್ಯಾಯಾಲಯದ ಕನ್ನಡದಲ್ಲಿ ಹೇಳಬಹುದು. ಅದಕ್ಕಿಂತ ಹತ್ತಿರದ ಮಾತು ಸದನದಲ್ಲಿದೆ: ಅಸಂಸದೀಯ ಪದ ಬಂದಾಗ ಸಭಾಧ್ಯಕ್ಷರು ‘ಕಡತದಿಂದ ತೆಗೆಯಿರಿ’ ಎನ್ನುತ್ತಾರಲ್ಲ, ಅದು. ಜೆರ್ಸಿ ಬುಲ್ಸ್‌ನ 27 ಗೆಲುವುಗಳನ್ನು ಕಡತದಿಂದ ತೆಗೆಯಲಾಯಿತು ಎಂದರೆ ಆಗಿದ್ದು ಏನೆಂದು ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈ ಬಳಕೆಗೆ ನಿಮ್ಮ ಒಪ್ಪಿಗೆ ಇದೆಯೇ?

ಈ ಭೇದ ಯಾಕೆ ಇಷ್ಟು ಮುಖ್ಯ ಎಂದರೆ, ಯಾವ ಲೀಗ್ ಯಾವ ದಾರಿ ಹಿಡಿಯಿತು ಎಂಬುದರ ಹಿಂದೆ ಹಣದ ಮೂಲ ಇದೆ. ದೊಡ್ಡ ಲೀಗ್‌ಗಳು ಬದುಕುವುದು ಟಿವಿ ಹಕ್ಕಿನ ಹಣದಿಂದ. ಪಂದ್ಯ ನಡೆಯದಿದ್ದರೆ ಆ ಹಣವನ್ನು ಹಿಂದಿರುಗಿಸಬೇಕು, ಆದ್ದರಿಂದ ಪ್ರೇಕ್ಷಕರಿಲ್ಲದೆಯಾದರೂ ಆಡಿ ಮುಗಿಸುವುದು ಅವರಿಗೆ ಲಾಭ. ಜರ್ಮನಿಯ ಬುಂಡೆಸ್‌ಲಿಗಾ ಮೇ 16ರಂದೇ ಖಾಲಿ ಕ್ರೀಡಾಂಗಣಗಳಲ್ಲಿ ಶುರುವಾಯಿತು. ಜರ್ಮನ್ನರು ಇಂತಹ ಪಂದ್ಯಗಳನ್ನು ದೆವ್ವದ ಆಟ ಎಂಬರ್ಥದ ಪದದಿಂದ ಕರೆಯುತ್ತಾರೆ. ನಮಗೆ ‘ಪ್ರೇಕ್ಷಕರಹಿತ ಪಂದ್ಯ’ ಸಾಕು, ‘ಮುಚ್ಚಿದ ಬಾಗಿಲ ಹಿಂದಿನ ಪಂದ್ಯ’ ಎಂಬ ಅನುವಾದವನ್ನು ದಯವಿಟ್ಟು ಕೈಬಿಡೋಣ. ಸಣ್ಣ ಕ್ಲಬ್‌ಗಳ ಕಥೆ ತಿರುವುಮುರುವು. ಅವುಗಳ ಅನ್ನ ಟಿಕೆಟ್ ಮಾರಾಟದಲ್ಲಿದೆ. ಪ್ರೇಕ್ಷಕರಿಲ್ಲದೆ ಆಡಿದರೆ ಆದಾಯ ಸೊನ್ನೆ, ಆಟಗಾರರ ಕೋವಿಡ್ ಪರೀಕ್ಷೆಯ ಖರ್ಚು ಮಾತ್ರ ಕೈಗೆ. ಹಾಗಾಗಿ ಇಂಗ್ಲೆಂಡಿನ ಮೂರನೇ ಮತ್ತು ನಾಲ್ಕನೇ ದರ್ಜೆಯ ಕ್ಲಬ್‌ಗಳು ಜೂನ್ 9ರಂದು ಮತ ಹಾಕಿ ಮೊಟಕಿನ ದಾರಿ ಹಿಡಿದವು. ಅದರಲ್ಲೂ ಪೆಟ್ಟು ತಿಂದವರಿದ್ದರು. ಟ್ರಾನ್‌ಮಿಯರ್ ರೋವರ್ಸ್ ಸುರಕ್ಷಿತ ಸ್ಥಾನಕ್ಕಿಂತ ಮೂರೇ ಅಂಕ ಹಿಂದಿತ್ತು, ಒಂದು ಪಂದ್ಯ ಕಡಿಮೆ ಆಡಿತ್ತು. ಸರಾಸರಿಯ ಲೆಕ್ಕದಲ್ಲಿ ಕೆಳದರ್ಜೆಗೆ ಬಿತ್ತು. ಇದಕ್ಕೆ ಪತ್ರಿಕೆಗಳು ಬಳಸುವ ‘ಹಿಂಬಡ್ತಿ’ ಎಂಬ ಪದಕ್ಕೆ ಸರ್ಕಾರಿ ನೌಕರನ ಶಿಸ್ತುಕ್ರಮದ ವಾಸನೆ ಇದೆ. ‘ಇಳಿಕೆ’ ಎಂದರೆ ಸಾಲದೇ?

ನಮ್ಮಲ್ಲಿಯೇ ನಡೆದದ್ದು ಇನ್ನೂ ಹತ್ತಿರದ್ದು. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಗುವ ಮೊದಲೇ ನಿಂತಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ನಡುವಿನ ಹಕ್ಕುಗಳ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು, ನವೀಕರಣ ಆಗಿರಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು, ಕಿರಿಯರ ತಂಡಗಳಿಗೆ ಇದು ಅನ್ವಯಿಸುವುದಿಲ್ಲ ಎಂದೂ ಹೇಳಿತು. ಆ ದಿನಗಳಲ್ಲಿ ರದ್ದು, ಸ್ಥಗಿತ, ಮುಂದೂಡಿಕೆ ಎಂಬ ಮೂರು ಪದಗಳೂ ಒಂದೇ ಸುದ್ದಿಗೆ ಬಳಕೆಯಾದವು. ನನಗೆ ಪರಿಚಯದ ಒಬ್ಬ ತಾಯಿ, ಮಗನನ್ನು ಬೇರೊಂದು ಊರಿನ ಫುಟ್‌ಬಾಲ್ ಅಕಾಡೆಮಿಗೆ ಕಳುಹಿಸಿದವರು, ‘ಲೀಗ್ ರದ್ದಾಯಿತಂತೆ, ಹುಡುಗನನ್ನು ವಾಪಸ್ ಕರೆಸಿ ಕಾಲೇಜಿಗೆ ಸೇರಿಸಲೇ?’ ಎಂದು ಕೇಳಿದರು. ಒಂದು ಶೀರ್ಷಿಕೆಯ ಪದದ ಮೇಲೆ ಒಂದು ಮನೆಯ ತೀರ್ಮಾನ ತೂಗಾಡುತ್ತಿತ್ತು. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ 14ರಿಂದ 14 ಕ್ಲಬ್‌ಗಳೊಂದಿಗೆ 91 ಪಂದ್ಯಗಳ ಲೀಗ್ ನಡೆಯಲಿದೆ ಎಂದು ಪ್ರಕಟಿಸಿದರು. ಪ್ರತಿ ಕ್ಲಬ್ ಇನ್ನೊಂದನ್ನು ಒಮ್ಮೆ ಮಾತ್ರ ಎದುರಿಸುವ ಏರ್ಪಾಡು. ಇದನ್ನು ನಾನು ‘ವಿಳಂಬಿತ ಮತ್ತು ಮೊಟಕಾದ ಲೀಗ್’ ಎಂದು ಬರೆಯುತ್ತೇನೆ. ಎಲ್ಲಿಯೂ ರದ್ದು ಇಲ್ಲ.

ಸಂಬಳದ ಪದಗಳಲ್ಲಿ ಗೊಂದಲ ಇನ್ನೂ ಹೆಚ್ಚು, ನೋವೂ ಹೆಚ್ಚು. ‘ಅಮಾನತು’ ಎಂಬುದನ್ನು ಮೊದಲು ದೂರ ಇಡಬೇಕು. ‘ಆಟಗಾರರ ಒಪ್ಪಂದ ಅಮಾನತು’ ಎಂದು ಬರೆದ ಕೂಡಲೇ ಆಟಗಾರನೇ ಏನೋ ತಪ್ಪು ಮಾಡಿದ ಎಂಬ ಭಾವನೆ ಬರುತ್ತದೆ, ಯಾಕೆಂದರೆ ನಮ್ಮಲ್ಲಿ ಅಮಾನತಾಗುವವನು ಆರೋಪ ಹೊತ್ತ ನೌಕರ. ‘ತಡೆಹಿಡಿ’ ಪರವಾಗಿಲ್ಲ.

ಇನ್ನು ಕಡಿತ, ಬಾಕಿ, ಮನ್ನಾ. ಸಾಲದ ಬಡ್ಡಿ ಮನ್ನಾ ಆಗುವುದಕ್ಕೂ ಕಂತು ಮುಂದಕ್ಕೆ ಹೋಗುವುದಕ್ಕೂ ಇರುವ ವ್ಯತ್ಯಾಸ ನಮ್ಮ ಯಾವ ಬೆಳೆಗಾರನಿಗೂ ಗೊತ್ತು. ಫುಟ್‌ಬಾಲ್ ಸುದ್ದಿಯಲ್ಲಿ ಮಾತ್ರ ಎಲ್ಲವೂ ‘ವೇತನ ಕಡಿತ’. 2020ರ ಮಾರ್ಚ್ ಕೊನೆಯಲ್ಲಿ ಇಟಲಿಯ ಯುವೆಂಟಸ್ ಕ್ಲಬ್, ತನ್ನ ಆಟಗಾರರು ನಾಲ್ಕು ತಿಂಗಳ ಸಂಬಳ ಬಿಟ್ಟುಕೊಟ್ಟಿದ್ದಾರೆ, ಸುಮಾರು 9 ಕೋಟಿ ಯೂರೊ ಉಳಿಯಿತು ಎಂದು ಹೇಳಿತು. ಜಗತ್ತು ಮೆಚ್ಚಿತು. ಆಮೇಲೆ ಟೂರಿನ್‌ನ ತನಿಖಾಧಿಕಾರಿಗಳ ಆರೋಪ ಏನೆಂದರೆ, ಬಿಟ್ಟುಕೊಟ್ಟದ್ದು ಒಂದೇ ತಿಂಗಳದ್ದು, ಉಳಿದದ್ದನ್ನು ಮುಂದೆ ಕೊಡುವುದಾಗಿ ಬೇರೆ ಕಾಗದಗಳಲ್ಲಿ ಒಪ್ಪಂದವಾಗಿತ್ತು ಎಂದು. ಮನ್ನಾ ಎಂದು ಸಾರಿದ್ದು ಬಾಕಿಯಾಗಿತ್ತು ಎಂಬ ಆರೋಪ ಅದು. 2022ರ ನವೆಂಬರ್‌ನಲ್ಲಿ ಇಡೀ ಆಡಳಿತ ಮಂಡಳಿ ರಾಜೀನಾಮೆ ಕೊಟ್ಟಿತು, ಮರುವರ್ಷ ಮೇ ತಿಂಗಳಲ್ಲಿ ವೇತನದ ಪ್ರಕರಣ 7 ಲಕ್ಷ ಯೂರೊ ಮೀರಿದ ದಂಡದೊಂದಿಗೆ ಇತ್ಯರ್ಥವಾಯಿತು. ಲೆಕ್ಕಪುಸ್ತಕದಲ್ಲಿ ಈ ಪದಗಳು ಬೇರೆ ಬೇರೆ ಸಾಲಿನಲ್ಲಿ ಕೂರುತ್ತವೆ, ಪತ್ರಿಕೆಯಲ್ಲಿಯೂ ಹಾಗೆಯೇ ಕೂರಬೇಕು.

ನನಗೆ ನಿಜವಾಗಿ ಸಿಗದೆ ಇರುವ ಪದ ಇದು. ಬ್ರಿಟನ್ನಿನಲ್ಲಿ ಕೋವಿಡ್ ಕಾಲದಲ್ಲಿ ಕೆಲಸವಿಲ್ಲದೆ ಮನೆಯಲ್ಲಿದ್ದ ನೌಕರನ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮೀರದಂತೆ, ಸರ್ಕಾರ ಭರಿಸಿತು. ಇದು ಫರ್ಲೋ. ನಮ್ಮವರು ಇದನ್ನು ‘ವೇತನರಹಿತ ರಜೆ’ ಎಂದು ಬರೆದದ್ದು ಪೂರ್ತಿ ತಪ್ಪು, ಯಾಕೆಂದರೆ ವೇತನ ಇತ್ತು, ಕೊಟ್ಟವರು ಬೇರೆ. ಲಿವರ್‌ಪೂಲ್ ಏಪ್ರಿಲ್ 4ರಂದು ತನ್ನ ಕೆಲವು ಸಿಬ್ಬಂದಿಯನ್ನು ಈ ಯೋಜನೆಗೆ ಸೇರಿಸಿ, ಅಭಿಮಾನಿಗಳ ಸಿಟ್ಟು ಕಂಡು ಎರಡೇ ದಿನದಲ್ಲಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಲಾಭದಲ್ಲಿರುವ ಕ್ಲಬ್ ಜನರ ತೆರಿಗೆ ಹಣದಿಂದ ಸಂಬಳ ಕೊಡಬಹುದೇ ಎಂಬುದು ಆ ಸಿಟ್ಟಿನ ತಿರುಳು. ‘ವೇತನರಹಿತ’ ಎಂದು ಬರೆದರೆ ಆ ಸಿಟ್ಟು ಓದುಗನಿಗೆ ಅರ್ಥವೇ ಆಗುವುದಿಲ್ಲ. ‘ಜಬರಿ ರಜೆ’ಯಲ್ಲಿ ಬಲವಂತ ಇದೆ, ಹಣ ಇಲ್ಲ. ‘ಲೇ ಆಫ್’ ಎಂಬುದು ನಮ್ಮ ಕಾರ್ಮಿಕ ಕಾನೂನಿನಲ್ಲಿ ಅರ್ಧ ವೇತನದ ಪರಿಹಾರಕ್ಕೆ ಸಂಬಂಧಿಸಿದ್ದು, ಅದನ್ನು ಕೊಡುವವನು ಮಾಲೀಕ. ಹಾಗಾದರೆ ಏನು? ‘ಸರ್ಕಾರಿ ನೆರವಿನ ಬಿಡುವು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ.

‘ದಿವಾಳಿ’ಯ ವಿಷಯದಲ್ಲಿ ನಮ್ಮ ಸಹಕಾರ ಸಂಘಗಳ ಕನ್ನಡ ಬಹಳ ಮುಂದಿದೆ. ಆಡಳಿತ ಮಂಡಳಿ ಸೂಪರ್‌ಸೀಡ್ ಆದರೆ ಬರುವವರು ಆಡಳಿತಾಧಿಕಾರಿ. ಸಂಘವನ್ನೇ ಮುಚ್ಚುವಾಗ ಬರುವವರು ಸಮಾಪನಾಧಿಕಾರಿ. ಮೊದಲನೆಯವರು ಬಂದರೆ ಸಂಘ ಉಳಿಯುವ ಆಸೆ ಇದೆ, ಎರಡನೆಯವರು ಬಂದರೆ ಇಲ್ಲ. ಇಂಗ್ಲೆಂಡಿನ ಕ್ಲಬ್‌ಗಳಿಗೂ ಇದೇ ಎರಡು ಗತಿ. ವಿಗನ್ ಅಥ್ಲೆಟಿಕ್ 2020ರ ಜುಲೈ 1ರಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಅದಕ್ಕೆ ದಂಡವಾಗಿ 12 ಅಂಕ ಕಳೆದುಕೊಂಡು ಕೆಳದರ್ಜೆಗೆ ಇಳಿಯಿತು, ಆದರೆ ಉಳಿಯಿತು. ಮ್ಯಾಕಲ್ಸ್‌ಫೀಲ್ಡ್ ಟೌನ್‌ಗೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯದಿಂದ ಬಂದದ್ದು ಸಮಾಪನೆಯ ಆದೇಶ. 1874ರಲ್ಲಿ ಹುಟ್ಟಿದ ಕ್ಲಬ್ ಮುಚ್ಚಿತು, ಆ ಊರಿನಲ್ಲಿ ಹೊಸ ಹೆಸರಿನ ಕ್ಲಬ್ ಹುಟ್ಟಿ ಕೆಳಗಿನ ಮೆಟ್ಟಿಲಿನಿಂದ ಏರಲು ಶುರುಮಾಡಿತು. ಇದನ್ನು ‘ಮರುಹುಟ್ಟಿನ ಕ್ಲಬ್’ ಎನ್ನಲು ನನಗೆ ಇಷ್ಟ. ಎರಡೂ ಗತಿಗೆ ‘ದಿವಾಳಿ’ ಎಂದು ಬರೆಯುವ ವರದಿಗಾರರು ಒಮ್ಮೆ ತಮ್ಮೂರಿನ ಪತ್ತಿನ ಸಂಘದ ಕಾರ್ಯದರ್ಶಿಯನ್ನು ಕೇಳಲಿ.

ಹಂಗಾಮು, ಋತು, ಆವೃತ್ತಿ, ಸೀಸನ್ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಫಿ ಕೊಯ್ಲಿನ ನಾಡಿನಲ್ಲಿ ‘ಸೀಸನ್’ ಕನ್ನಡವೇ ಆಗಿದೆ, ಅದನ್ನೇ ಇಟ್ಟುಕೊಂಡಿದ್ದೇನೆ. ‘ಆವೃತ್ತಿ’ ಟೂರ್ನಿಗೆ ಸರಿ, ಒಂಬತ್ತು ತಿಂಗಳ ಲೀಗ್‌ಗೆ ಸರಿಯಲ್ಲ.

ಕೊನೆಯ ತೊಡಕು ‘ತಂಡ’ ಮತ್ತು ‘ಕ್ಲಬ್’. ನಾವು ಎರಡಕ್ಕೂ ‘ತಂಡ’ ಎನ್ನುತ್ತೇವೆ. ಆದರೆ ಲೀಗ್ ನಿಂತಾಗ ಉಳಿಯುವ ಪ್ರಶ್ನೆ ಏಳುವುದು ಕ್ಲಬ್‌ಗೆ. ಕೊಡವ ಕುಟುಂಬಗಳ ನಡುವೆ ನಡೆಯುವ ನಮ್ಮ ಹಾಕಿ ಹಬ್ಬ, ಕೊಡವ ಹಾಕಿ ನಮ್ಮೆಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು ಕೆಲವು ವರ್ಷ ನಿಂತು 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆದಾಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಮೈದಾನಕ್ಕಿಳಿದವು. ಆತಿಥ್ಯ ವರ್ಷಕ್ಕೊಂದು ಕುಟುಂಬದ್ದು, ಆಟಗಾರನಿಗೆ ಸಂಬಳ ಇಲ್ಲ, ತಂಡ ಇರುವುದು ಕುಟುಂಬ ಇರುವುದರಿಂದ. ಪಂದ್ಯಾವಳಿ ನಿಂತರೂ ತಂಡಕ್ಕೆ ಅಳಿವಿಲ್ಲ. ಫ್ರಾಂಚೈಸಿಯ ಸ್ಥಿತಿ ಇದಕ್ಕೆ ನೇರ ವಿರುದ್ಧ: ಲೀಗ್ ಇಲ್ಲದಿದ್ದರೆ ಅದಕ್ಕೆ ಅಸ್ತಿತ್ವವೇ ಕಷ್ಟ. ಜರ್ಮನಿಯ ಕ್ಲಬ್‌ಗಳು ಇವೆರಡರ ನಡುವೆ ನಿಲ್ಲುತ್ತವೆ. ಅಲ್ಲಿನ ‘50+1’ ನಿಯಮದಂತೆ ಮತಾಧಿಕಾರದ ಹೆಚ್ಚಿನ ಪಾಲು ಸದಸ್ಯರ ಸಂಘದ ಕೈಯಲ್ಲಿಯೇ ಇರಬೇಕು, ಹಣ ಹಾಕಿದವನ ಕೈಗೆ ಹೋಗಬಾರದು. ಕೆಲವೇ ಕ್ಲಬ್‌ಗಳಿಗೆ ವಿನಾಯಿತಿ ಇದೆ. ಅಂತಹ ಸದಸ್ಯನನ್ನು ‘ಅಭಿಮಾನಿ’ ಎಂದು ಕರೆದರೆ ಅವನ ಹಕ್ಕನ್ನೇ ಕಿತ್ತುಕೊಂಡಂತೆ. ‘ಮತದ ಹಕ್ಕುಳ್ಳ ಸದಸ್ಯ’ ಎಂದೇ ಬರೆಯಬೇಕು. ನಿಂತ ಲೀಗ್‌ಗಳಿಂದ ಕಲಿಯಬೇಕಾದದ್ದು ಇದೇ ಎಂದು ನಾನು ನಂಬಿದ್ದೇನೆ: ಕ್ಲಬ್‌ನಲ್ಲಿ ಊರಿಗೆ ಮತ ಇರಬೇಕು. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್‌ಗಳು ತಮ್ಮದೇ ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದಾಗ ಅದರಲ್ಲಿ ಒಂದೂ ಜರ್ಮನ್ ಕ್ಲಬ್ ಇರಲಿಲ್ಲ. ಬ್ರಿಟನ್ 2025ರಲ್ಲಿ ಕಾನೂನು ಮಾಡಿ ಇಂಗ್ಲೆಂಡಿನ ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನೇ ತಂದಿತು.

ಜೊತೆಗೆ ‘ವೇತನ ಮಿತಿ’ ಎಂಬ ಪದವೂ ಎಡವಿಸುತ್ತದೆ. 2020ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಮೂರನೇ ದರ್ಜೆಗೆ 25 ಲಕ್ಷ, ನಾಲ್ಕನೇ ದರ್ಜೆಗೆ 15 ಲಕ್ಷ ಪೌಂಡ್ ಮಿತಿ ತಂದರು, ಆಟಗಾರರ ಸಂಘದ ದೂರಿನ ಮೇಲೆ ಮರುವರ್ಷ ಫೆಬ್ರವರಿಯಲ್ಲಿ ಅದು ಬಿದ್ದುಹೋಯಿತು. ಮಿತಿ ಇದ್ದದ್ದು ಕ್ಲಬ್‌ನ ಒಟ್ಟು ಸಂಬಳಪಟ್ಟಿಗೆ, ಒಬ್ಬೊಬ್ಬ ಆಟಗಾರನಿಗಲ್ಲ. ‘ಸಂಬಳಪಟ್ಟಿಯ ಮಿತಿ’ ಎಂದರೆ ಗೊಂದಲ ಇಲ್ಲ.

ಕೊಡಗಿನ ತೋಟಗಳಲ್ಲಿ ರೈಟರ್ ಆಗಿ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆದವರು ಈ ಗುಂಪಿನಲ್ಲಿ ಇದ್ದರೆ ಅವರಿಗೆ ವಿಶೇಷ ಮನವಿ. ಕೆಲಸ ಕೊಡಲಾಗದೆ, ಆದರೆ ಆಳನ್ನು ಬಿಡದೆ, ಏನಾದರೊಂದು ಹಣ ಕೊಟ್ಟು ಉಳಿಸಿಕೊಂಡ ದಿನಗಳಿಗೆ ಆ ಪುಸ್ತಕದಲ್ಲಿ ಯಾವ ಪದ ಬರೆಯುತ್ತಿದ್ದಿರಿ? ಫರ್ಲೋಗೆ ಹೊಂದುವ ಪದ ಅಲ್ಲಿ ಇರಬಹುದು. ಸಹಕಾರ ಇಲಾಖೆಯಲ್ಲಿ ಕೆಲಸ ಮಾಡಿದವರು ‘ಸಮಾಪನೆ’ಯ ಬಗ್ಗೆ ತಿದ್ದುಪಡಿ ಇದ್ದರೆ ತಿಳಿಸಿ. ಪುಸ್ತಿಕೆ ಮುಂಗಾರಿಗೆ ಮೊದಲು ಅಚ್ಚಿಗೆ ಹೋಗಬೇಕಾಗಿದೆ.