ರೂಟರ್ ಬದಲಾದ ಮೇಲೆ ಒಂದೇ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ: ಎರಡು ವಿಳಾಸಗಳ ಪ್ರಶ್ನೆ

ಪ್ರಶ್ನೆ: ಸಾಗರದ ಅಡಿಕೆ ಮಂಡಿಯೊಂದರ ಗುಮಾಸ್ತರಿಂದ

ನಮಸ್ಕಾರ. ಕಳೆದ ವಾರದ ಸಿಡಿಲಿಗೆ ನಮ್ಮ ಮಂಡಿಯ ರೂಟರ್ ಸುಟ್ಟುಹೋಯಿತು. ಹೊಸದನ್ನು ತಂದು, ಹಳೆಯದಕ್ಕಿದ್ದ 192.168.1.1 ಎಂಬ ವಿಳಾಸವನ್ನೇ ಅದಕ್ಕೂ ಕೊಟ್ಟೆವು. ನಾಲ್ಕು ಕಂಪ್ಯೂಟರುಗಳಲ್ಲಿ ಮೂರು ಸರಿಯಾಗಿ ನಡೆಯುತ್ತಿವೆ. ಬಿಲ್ ಮಾಡುವ ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ ಸಿಗುತ್ತಿಲ್ಲ. ಹಲವು ಸಲ ಬಂದ್ ಮಾಡಿ ಶುರು ಮಾಡಿದ್ದಾಯಿತು, ಕೇಬಲ್ಲನ್ನೂ ಬದಲಾಯಿಸಿದ್ದಾಯಿತು. ಆದರೆ ಅದೇ ಕಂಪ್ಯೂಟರಿನಿಂದ ಒಳಕೋಣೆಯ ನೆಟ್‌ವರ್ಕ್ ಪ್ರಿಂಟರಿಗೆ ಬಿಲ್ ಹೋಗುತ್ತದೆ. ನೆಟ್‌ವರ್ಕ್ ಕಾರ್ಡ್ ಸುಟ್ಟಿರಬೇಕು, ಹೊಸದು ಹಾಕಿಸಿ ಎನ್ನುತ್ತಾರೆ. ಹಾಕಿಸಬೇಕೇ?

ಉತ್ತರ: ಶಿವಮೊಗ್ಗದ ನೆಟ್‌ವರ್ಕ್ ಎಂಜಿನಿಯರರಿಂದ

ನಮಸ್ಕಾರ. ದಯವಿಟ್ಟು ಕಾರ್ಡ್ ಕೊಳ್ಳಬೇಡಿ. ಪ್ರಿಂಟರಿಗೆ ಬಿಲ್ ಹೋಗುತ್ತಿದೆ ಎಂದು ನೀವು ಬರೆದದ್ದೇ ಇಲ್ಲಿ ಬಹಳ ಮುಖ್ಯವಾದ ಸುಳಿವು. ಕಾರ್ಡ್ ಸುಟ್ಟಿದ್ದರೆ ಅದೂ ಹೋಗುತ್ತಿರಲಿಲ್ಲ. ಕಂಪ್ಯೂಟರಿಗೆ ಪ್ರಿಂಟರ್ ಸಿಗುತ್ತಿದೆ, ರೂಟರ್ ಮಾತ್ರ ಸಿಗುತ್ತಿಲ್ಲ.

ಒಂದೇ ಕಟ್ಟಡದೊಳಗಿನ ಯಂತ್ರಗಳು ಒಂದರ ಮಾತನ್ನು ಇನ್ನೊಂದಕ್ಕೆ ತಲುಪಿಸುವುದು ಐಪಿ ವಿಳಾಸದಿಂದಲ್ಲ, ಮ್ಯಾಕ್ ವಿಳಾಸದಿಂದ. ಐಪಿ ಎಂದರೆ 192.168.1.1ರಂತೆ ನಾವು ಕೊಡುವಂಥದ್ದು, 32 ಬಿಟ್‌ಗಳದ್ದು. ಮ್ಯಾಕ್ ತಯಾರಕರು ಕಾರ್ಡಿಗೇ ಕೊಟ್ಟು ಕಳುಹಿಸುವಂಥದ್ದು, 48 ಬಿಟ್‌ಗಳದ್ದು. ಇವೆರಡನ್ನು ಜೋಡಿಸುವ ವಿಧಾನವೇ ಎಆರ್‌ಪಿ. ಡೇವಿಡ್ ಪ್ಲಮ್ಮರ್ ಇದನ್ನು 1982ರ ನವೆಂಬರಿನಲ್ಲಿ ಆರ್‌ಎಫ್‌ಸಿ 826 ಎಂಬ ದಾಖಲೆಯಲ್ಲಿ ವಿವರಿಸಿದರು, ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ. ನಿಮ್ಮ ಕಂಪ್ಯೂಟರು ಬೆಂಗಳೂರಿಗೋ ಅಮೆರಿಕಕ್ಕೋ ಏನನ್ನಾದರೂ ಕಳುಹಿಸಬೇಕಾದರೂ ಮೊದಲು ಅದನ್ನು ರೂಟರಿನ ಕೈಗೆ ಕೊಡಬೇಕು, ಅದಕ್ಕಾಗಿ ‘192.168.1.1 ಯಾರದು? ನಿಮ್ಮ ಮ್ಯಾಕ್ ವಿಳಾಸ ತಿಳಿಸಿ’ ಎಂದು ಮಂಡಿಯ ಎಲ್ಲ ಯಂತ್ರಗಳಿಗೂ ಕೇಳುವಂತೆ ಕೂಗುತ್ತದೆ. ಎಲ್ಲವೂ ಕೇಳಿಸಿಕೊಳ್ಳುತ್ತವೆ, ಆ ವಿಳಾಸವುಳ್ಳದ್ದು ಮಾತ್ರ ಉತ್ತರಿಸುತ್ತದೆ, ಮತ್ತು ಆ ಉತ್ತರ ಕೇಳಿದವರಿಗೆ ನೇರವಾಗಿ ಹೋಗುತ್ತದೆ. ಬಂದ ಉತ್ತರವನ್ನು ಕಂಪ್ಯೂಟರು ಒಂದು ಪಟ್ಟಿಯಲ್ಲಿ ಬರೆದುಕೊಂಡು, ಸ್ವಲ್ಪ ಹೊತ್ತು ನಂಬಿ, ಆಮೇಲೆ ಮತ್ತೆ ಖಚಿತಪಡಿಸಿಕೊಳ್ಳುತ್ತದೆ. ಉಳಿದ ಮೂರು ಕಂಪ್ಯೂಟರುಗಳು ಹೊಸ ರೂಟರನ್ನು ತಾವಾಗಿಯೇ ಕಂಡುಕೊಂಡದ್ದು ಹೀಗೆ. ನಾಲ್ಕನೆಯದು ಮತ್ತೆ ಕೇಳುತ್ತಲೇ ಇಲ್ಲವೆಂದು ನನ್ನ ಅನುಮಾನ.

ಆ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎಆರ್‌ಪಿ ಎಂದು ಟೈಪಿಸಿ, ಒಂದು ಜಾಗ ಬಿಟ್ಟು, ಅಡ್ಡಗೆರೆಯನ್ನೂ ಎ ಅಕ್ಷರವನ್ನೂ ಸೇರಿಸಿ ಎಂಟರ್ ಒತ್ತಿರಿ. 192.168.1.1ರ ಸಾಲಿನಲ್ಲಿ ಏನಿದೆ ಎಂಬುದನ್ನು ತಿಳಿಸಿ, ಹೊಸ ರೂಟರಿನ ಅಡಿಯ ಚೀಟಿಯಲ್ಲಿ ಮ್ಯಾಕ್ ಎಂದು ಅಚ್ಚಾಗಿರುವುದನ್ನೂ ನೋಡಿ.

ಗುಮಾಸ್ತರು:

ನೋಡಿದೆವು ಸರ್. ಪಟ್ಟಿಯಲ್ಲಿ ಆ ಸಾಲಿನ ಮ್ಯಾಕ್ ವಿಳಾಸದ ಕೊನೆಯ ಎರಡು ಜೋಡಿ 41-96, ಮುಂದೆ ಸ್ಟ್ಯಾಟಿಕ್ ಎಂದಿದೆ. ಹೊಸ ರೂಟರಿನ ಚೀಟಿಯಲ್ಲಿ ಕೊನೆಗೆ 08-53 ಇದೆ. ಗುಜರಿಗೆ ಹಾಕಲು ಇಟ್ಟಿದ್ದ ಹಳೆಯ ರೂಟರನ್ನು ತಿರುಗಿಸಿ ನೋಡಿದರೆ ಅದರಲ್ಲಿ 41-96 ಇತ್ತು! 192.168.1.255ರ ಮುಂದೆಯೂ ಸ್ಟ್ಯಾಟಿಕ್ ಎಂದೇ ಇದೆ. ಅದೂ ತಪ್ಪೇ?

ಉತ್ತರ:

ಹಳೆಯ ರೂಟರನ್ನು ತಿರುಗಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು, ಇನ್ನು ಅನುಮಾನಕ್ಕೆ ಎಡೆಯಿಲ್ಲ. 255ರ ಸಾಲು ಎಲ್ಲರಿಗೂ ಕೂಗುವ ವಿಳಾಸದ್ದು. ಅದು ಸ್ಟ್ಯಾಟಿಕ್, ಎಂದರೆ ತಾನಾಗಿ ಬದಲಾಗದ್ದು, ಆಗಿರುವುದು ಸಹಜ, ಅದನ್ನು ಮುಟ್ಟಬೇಡಿ. ರೂಟರಿನ ಸಾಲು ಮಾತ್ರ ಹಾಗಿರಬಾರದು. ಹಿಂದೆ ಯಾರೋ ಅದನ್ನು ಕೈಯಾರೆ ಬರೆದು ಕಾಯಂ ಮಾಡಿದ್ದಾರೆ. ಆದ್ದರಿಂದಲೇ ನೀವು ಎಷ್ಟು ಸಲ ಬಂದ್ ಮಾಡಿ ಶುರು ಮಾಡಿದರೂ ಅದು ಅಳಿಸಲಿಲ್ಲ. ಬಿಲ್ಲಿನ ಕಂಪ್ಯೂಟರು ಈಗಲೂ ಸುಟ್ಟುಹೋದ ಪೆಟ್ಟಿಗೆಯ ಹೆಸರಿಗೇ ಎಲ್ಲವನ್ನೂ ಕಳುಹಿಸುತ್ತಿದೆ, ಸ್ವೀಕರಿಸುವವರು ಯಾರೂ ಇಲ್ಲ.

ಬರೆದವರನ್ನು ದೂರುವಂತಿಲ್ಲ. ಎಆರ್‌ಪಿಯಲ್ಲಿ ಉತ್ತರ ಕೊಟ್ಟವರು ನಿಜವಾಗಿ ಅವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡಿಲ್ಲ. ಒಳಗೇ ಇರುವ ಒಂದು ಯಂತ್ರ ‘ನಾನೇ ರೂಟರ್’ ಎಂದು ಸುಳ್ಳು ಹೇಳಿ, ಇತರರ ಸಂಚಾರವನ್ನೆಲ್ಲ ತನ್ನ ಮೂಲಕ ಹಾಯಿಸಿಕೊಳ್ಳಬಹುದು. ಹಣಕಾಸು ನೋಡುವ ಕಂಪ್ಯೂಟರಿಗೆ ಆ ಭಯದಿಂದಲೇ ವಿಳಾಸವನ್ನು ಕಾಯಂ ಮಾಡಿರಬಹುದು. ಆದರೆ ಹಾಗೆ ಮಾಡಿದ ಮೇಲೆ ರೂಟರಿನ ಮೈಮೇಲೆಯೇ ಒಂದು ಚೀಟಿ ಅಂಟಿಸಿಡಬೇಕಿತ್ತು. ಸಿಡಿಲಿಗೆ ಪೆಟ್ಟಿಗೆಗಳು ಮತ್ತೆ ಮತ್ತೆ ಸುಡುವ ನಮ್ಮ ಮಲೆನಾಡಿನಲ್ಲಂತೂ ಇದನ್ನು ಮರೆಯುವಂತಿಲ್ಲ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಆದೇಶದಲ್ಲಿ ಎ ಬದಲು ಡಿ ಹಾಕಿ, ಮುಂದೆ 192.168.1.1 ಎಂದು ಬರೆದರೆ ಆ ಸಾಲು ಅಳಿಯುತ್ತದೆ. ಯಂತ್ರವನ್ನು ಮತ್ತೆ ಶುರು ಮಾಡಿದಾಗ 41-96 ತಿರುಗಿ ಬಂದರೆ, ಶುರುವಾಗುವಾಗ ತಾನಾಗಿ ಓಡುವ ಯಾವುದೋ ಫೈಲು ಅದನ್ನು ಬರೆಯುತ್ತಿದೆ ಎಂದು ತಿಳಿಯಿರಿ. ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಹುಡುಕಿ.

ಗುಮಾಸ್ತರು:

ಅಳಿಸಿದ ಕೂಡಲೇ ಇಂಟರ್ನೆಟ್ ಬಂತು ಸರ್. ಆದರೆ ಶುರು ಮಾಡಿದಾಗ 41-96 ತಿರುಗಿ ಬಂತು. ನೀವು ಹೇಳಿದಂತೆ ಸ್ಟಾರ್ಟ್‌ಅಪ್‌ನಲ್ಲಿ ಒಂದು ಫೈಲ್ ಇದೆ. ಅಳಿಸಿಬಿಡಲೇ, 08-53 ಎಂದು ತಿದ್ದಲೇ?

ಉತ್ತರ:

ಅಳಿಸಿಬಿಡಿ. ‘ನಾನೇ ರೂಟರ್’ ಎನ್ನುವ ಸುಳ್ಳಿನ ಭಯವಿದ್ದರೆ, ಹೊರಗಿನವರ ಫೋನುಗಳಿಗೆ ಮಂಡಿಯ ವೈಫೈ ಕೊಡುತ್ತಿದ್ದರೆ ಅವರಿಗೆ ರೂಟರಿನಲ್ಲಿರುವ ಗೆಸ್ಟ್ ನೆಟ್‌ವರ್ಕನ್ನು, ಎಂದರೆ ಅತಿಥಿಗಳಿಗೆಂದೇ ಇರುವ ಪ್ರತ್ಯೇಕ ಜಾಲವನ್ನು, ಬೇರೆಯಾಗಿ ತೆರೆದು ಕೊಡಿ. ಕೈಯಾರೆ ಬರೆದ ಒಂದು ಸಾಲಿಗಿಂತ ಅದು ಹೆಚ್ಚಿನ ರಕ್ಷಣೆ.