ಮುಂದಿನ ಫೇರ್‌ಫೋನ್‌ಗೆ ಕಾಯುತ್ತಿರುವವರು ಯಾರಾದರೂ ಇದ್ದೀರಾ?

ಹಳೇಬ್ಯಾಟರಿ:
ಹೊಸ ಫೋನ್ ಅಂದ ಕೂಡಲೇ ಎಲ್ಲರೂ ಕ್ಯಾಮೆರಾ ಲೆಕ್ಕ ಹಾಕುತ್ತಾರೆ. ನನಗೆ ಬೇಕಾಗಿರುವುದು ಬಿಚ್ಚೋಕೆ ಬರುವ ಫೋನ್. ಫೇರ್‌ಫೋನ್ ಕಂಪನಿಯವರು ನಾವೇ ಬಿಚ್ಚಿ ರಿಪೇರಿ ಮಾಡಿಕೊಳ್ಳುವಂಥ ಫೋನ್ ಮಾಡುತ್ತಾರೆ, ಅದಕ್ಕೇ ಅವರ ಮುಂದಿನ ಫೋನ್ ಯಾವಾಗ ಬರುತ್ತೋ ಅಂತ ಕಾಯುತ್ತಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಬೇರೆ ಕಂಪನಿಯದು, ಹೆಸರು ಬೇಡ. ಅದರ ಬ್ಯಾಟರಿ ಉಬ್ಬಿ ಹಿಂದಿನ ಗಾಜು ಒಂದು ಮೂಲೆಯಲ್ಲಿ ಎದ್ದಿತ್ತು. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ತೆಳ್ಳಗಿನ ಪ್ಲಾಸ್ಟಿಕ್ ಚೂರನ್ನು ಅಂಚಿಗೆ ತೂರಿಸಿ, ನಿಧಾನಕ್ಕೆ ಎಬ್ಬಿಸುತ್ತಾ ಹೋದೆ. ಅಂಟು ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಾ ಬಂತು. ಇನ್ನೇನು ಮುಗಿಯಿತು ಅನ್ನುವಾಗ ಗಾಜು ಚಟ್ ಅಂತ ಸೀಳಿತು. ಬ್ಯಾಟರಿ ಬದಲಾಯಿಸೋಕೆ ಇಷ್ಟೆಲ್ಲಾ ಯಾಕೆ ಬೇಕು ಹೇಳಿ?

2023ರಲ್ಲಿ ಬಂದ ಫೇರ್‌ಫೋನ್ 5ರಲ್ಲಿ ಹಿಂದಿನ ಮುಚ್ಚಳ ಉಗುರಲ್ಲೇ ತೆಗೆಯಬಹುದು, ಬ್ಯಾಟರಿ ಹಾಗೇ ಕೈಗೆ ಬರುತ್ತದೆ. 2025ರ ಜೂನ್‌ನಲ್ಲಿ ಬಂದ ಆರನೆಯದರಲ್ಲಿ ಮುಚ್ಚಳಕ್ಕೂ ಸ್ಕ್ರೂ, ಬ್ಯಾಟರಿಗೂ ಸ್ಕ್ರೂ. ಹೆಡ್‌ಫೋನ್ ಜ್ಯಾಕ್ ಅಂತೂ 2021ರ ನಾಲ್ಕನೇ ಫೋನಿನಲ್ಲೇ ಹೋಯಿತು. ಫೋನ್‌ಗಳನ್ನು ಬಿಚ್ಚಿ ನೋಡಿ ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡುವ ಐಫಿಕ್ಸಿಟ್‌ನವರು ಆರಕ್ಕೂ 10ಕ್ಕೆ 10 ಕೊಟ್ಟಿದ್ದಾರೆ, ಅದು ನಿಜ. ಆದರೂ ಈ ಕಂಪನಿ ಮೆಲ್ಲಮೆಲ್ಲಗೆ ಬೇರೆಯವರ ಹಾಗೇ ಆಗುತ್ತಿದೆಯಾ ಅನ್ನೋದೇ ನನ್ನ ಭಯ. ನಿಮಗೆ ಏನನ್ನಿಸುತ್ತದೆ?

ಚಿಪ್‌ಕಥೆ:
ಮೊದಲು ಒಂದು ಮಾತು, ಉಬ್ಬಿದ ಬ್ಯಾಟರಿಗೆ ಇನ್ನೊಂದು ಸಲ ಬಿಸಿ ತಾಗಿಸಬೇಡಿ. ಬೆಂಕಿ ಹತ್ತಿಕೊಳ್ಳಬಹುದು. ಗಾಜು ಮಾತ್ರ ಹೋಯಿತಲ್ಲ, ಅಷ್ಟಕ್ಕೇ ಪುಣ್ಯ.

ಇನ್ನು ನಿಮ್ಮ ಪ್ರಶ್ನೆ. ನನ್ನ ಕೇಳಿದರೆ ಸ್ಕ್ರೂ ದೊಡ್ಡ ವಿಷಯ ಅಲ್ಲ, ಚಿಪ್ ದೊಡ್ಡ ವಿಷಯ. ಈ ಕಂಪನಿಯ ಹಳೇ ಕಥೆ ನೋಡಿ. 2013ರ ಮೊದಲ ಫೋನಿನಲ್ಲಿ ಮೀಡಿಯಾಟೆಕ್ ಚಿಪ್ ಇತ್ತು. ಚಿಪ್‌ಗೆ ಬೇಕಾದ ಸೋರ್ಸ್ ಕೋಡ್ ಸರಿಯಾಗಿ ಸಿಗದೆ ಫೋನ್ ಆಂಡ್ರಾಯ್ಡ್ 4.2ರಲ್ಲೇ ನಿಂತಿತು. ಫೋನ್ ಗಟ್ಟಿಯಾಗಿಯೇ ಇದೆ, ಆದರೆ ಒಳಗಿನ ಸಾಫ್ಟ್‌ವೇರ್ ಮುದಿಯಾಗಿದೆ, ಆಗ ಬಿಡಿಭಾಗ ಇದ್ದು ಏನು ಮಾಡೋದು? 2015ರ ಎರಡನೆಯದರಲ್ಲಿ ಸ್ನಾಪ್‌ಡ್ರಾಗನ್ 801. ಆ ಚಿಪ್ ಮಾಡಿದ ಕ್ವಾಲ್ಕಾಮ್ ಕಂಪನಿ ಆಂಡ್ರಾಯ್ಡ್ 6 ಆದ ಮೇಲೆ ಅದರ ಕೈ ಬಿಟ್ಟಿತು. ಆಮೇಲೆ ಇವರೇ ಕೂತು 7, 9, 10 ಮೂರನ್ನೂ ತಂದರು, 2023ರ ಮಾರ್ಚ್‌ವರೆಗೆ ಆ ಫೋನಿಗೆ ಅಪ್‌ಡೇಟ್ ಕೊಟ್ಟರು. ಒಂದು ಚಿಕ್ಕ ಕಂಪನಿ, ಏಳು ವರ್ಷಕ್ಕೂ ಜಾಸ್ತಿ! ಇದನ್ನು ನೆನೆಸಿಕೊಂಡಾಗೆಲ್ಲ ಖುಷಿಯಾಗುತ್ತದೆ ನನಗೆ.

ಆ ಕಷ್ಟ ಪಟ್ಟಿದ್ದಕ್ಕೇ ಐದನೆಯದಕ್ಕೆ ಕ್ಯೂಸಿಎಂ6490 ಹಾಕಿದರು. ಅದು ಕಾರ್ಖಾನೆಯ ಯಂತ್ರಗಳಂಥ ಉಪಕರಣಗಳಿಗೆ ಅಂತ ಮಾಡಿದ ಚಿಪ್, ಅದಕ್ಕೆ ಕ್ವಾಲ್ಕಾಮ್ ಬೆಂಬಲ ತುಂಬಾ ವರ್ಷ ಇರುತ್ತದೆ. ಆರನೆಯದರಲ್ಲಿ ಮಾಮೂಲಿ ಫೋನಿನ ಚಿಪ್, ಸ್ನಾಪ್‌ಡ್ರಾಗನ್ 7ಎಸ್ ಜೆನ್ 3. ಆದರೂ 2033ರವರೆಗೆ ಅಪ್‌ಡೇಟ್ ಅಂದಿದ್ದಾರೆ. ಮುಂದಿನ ಫೋನಿಗೆ ಯಾವ ಚಿಪ್ ಅಂತ ಗೊತ್ತಾದ ದಿನ ಕಂಪನಿ ಯಾವ ಕಡೆ ಹೊರಟಿದೆ ಅಂತ ನಾನು ಹೇಳುತ್ತೇನೆ.

ಜೇಬಲ್ಲೊಂದುಬ್ಯಾಟರಿ:
ಚಿಪ್ ವಿಷಯ ಒಪ್ಪಿದೆ, ಆದರೆ ಸ್ಕ್ರೂ ಸಣ್ಣ ವಿಷಯ ಅನ್ನೋದನ್ನು ಒಪ್ಪಲ್ಲ. ನಾನು ಐದನೆಯದನ್ನೇ ಬಳಸುತ್ತಿದ್ದೇನೆ. ಪ್ರಯಾಣದಲ್ಲಿ ಚಾರ್ಜ್ ಮುಗಿದರೆ ಜೇಬಿನಿಂದ ಇನ್ನೊಂದು ಬ್ಯಾಟರಿ ತೆಗೆದು ಹಾಕಿಕೊಂಡರೆ ಆಯಿತು. ನಿಂತಲ್ಲೇ ಆಗುತ್ತದೆ. ಆರರಲ್ಲಿ ಹೀಗೆ ಮಾಡಬೇಕಾದರೆ ಕೈಯಲ್ಲಿ ಸ್ಕ್ರೂಡ್ರೈವರ್ ಬೇಕು, ಕೂರೋಕೆ ಜಾಗ ಬೇಕು, ಆ ಪುಟಾಣಿ ಸ್ಕ್ರೂ ಕೆಳಗೆ ಬಿದ್ದರೆ ಹುಡುಕಬೇಕು. ರಿಪೇರಿಗೆ ಅದು ಸಾಕು, ದಿನದ ಬಳಕೆಗೆ ಸಾಲದು. ಮುಂದಿನದರಲ್ಲಿ ಉಗುರಿನ ಮುಚ್ಚಳ ವಾಪಸ್ ಬಂದರೆ ಮೊದಲ ದಿನವೇ ತಗೊಳ್ಳುತ್ತೇನೆ.

ಅದಿರು:
ಇಬ್ಬರೂ ಫೋನಿನ ಬಗ್ಗೆ ಹೇಳಿದಿರಿ, ನಾನು ಕಂಪನಿ ಬಗ್ಗೆ ಹೇಳುತ್ತೇನೆ. ಜಾಸ್ತಿ ವರ್ಷ ಅಪ್‌ಡೇಟ್ ಕೊಡುವುದು ಈಗ ಇವರೊಬ್ಬರದೇ ಅಲ್ಲ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ 7 ವರ್ಷ ಕೊಡುತ್ತೇವೆ ಅಂದಿವೆ. ಯುರೋಪಿಯನ್ ಒಕ್ಕೂಟದ ನಿಯಮ 2025ರ ಜೂನ್ 20ರಿಂದ ಜಾರಿಗೆ ಬಂದಿದೆ. ಒಂದು ಮಾಡೆಲ್ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಅದರ ಬಿಡಿಭಾಗ 7 ವರ್ಷ ಸಿಗಬೇಕು. ಅಂದರೆ ಫೇರ್‌ಫೋನ್ ಕೇಳುತ್ತಿದ್ದುದನ್ನು ಈಗ ಕಾನೂನೇ ಕೇಳುತ್ತಿದೆ. ಗೆದ್ದರು ಅನ್ನಿ, ಆದರೆ ಗೆದ್ದ ಮೇಲೆ ಮುಂದೇನು?

ನನಗೆ ಅನ್ನಿಸುವುದು, ಅವರು ಶುರುವಾದ ಜಾಗಕ್ಕೇ ಇನ್ನೂ ಒತ್ತು ಕೊಡಬೇಕು. ಇದು ಫೋನ್ ಕಂಪನಿಯಾಗಿ ಹುಟ್ಟಿದ್ದೇ ಅಲ್ಲ. 2010ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಜನಜಾಗೃತಿ ಕೆಲಸವಾಗಿ ಶುರುವಾಯಿತು. ಕಾಂಗೋದ ಗಣಿಗಳಿಂದ ಬರುವ ತವರ, ಟ್ಯಾಂಟಲಮ್ ಇವೆಲ್ಲ ನಮ್ಮ ಫೋನಿನೊಳಗೆ ಕೂತಿವೆ, ಆ ದುಡ್ಡು ಯುದ್ಧಕ್ಕೆ ಹೋಗುತ್ತಿದೆ ಅಂತ ಜನರಿಗೆ ತಿಳಿಸೋಕೆ. ಮೂರು ವರ್ಷ ಆದ ಮೇಲೆ ಕಂಪನಿಯಾಯಿತು. ಸ್ಕ್ರೂ ಎಷ್ಟು ಅಂತ ಯಾರು ಬೇಕಾದರೂ ಎಣಿಸಬಹುದು. ಗಣಿಯಲ್ಲಿ ಅಗೆದವನಿಗೆ ಎಷ್ಟು ಸಿಕ್ಕಿತು ಅಂತ ಕೇಳುವ ಫೋನ್ ಕಂಪನಿ ಎಷ್ಟಿವೆ?

ಹಳೇಬ್ಯಾಟರಿ:
ಬಿಸಿ ವಿಷಯ ಗೊತ್ತಿರಲಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್. ಅದಿರು ಅವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ, ನಾನು ಬರೀ ನನ್ನ ಬ್ಯಾಟರಿ ಬಗ್ಗೆಯೇ ಯೋಚಿಸುತ್ತಿದ್ದೆ. ಸರಿ, ಸ್ಕ್ರೂ ಇದ್ದರೂ ತಗೊಳ್ಳುತ್ತೇನೆ. ಆದರೆ ಜ್ಯಾಕ್ ಬಗ್ಗೆ ಯಾರೂ ಏನೂ ಹೇಳಲೇ ಇಲ್ಲ. ಚೆನ್ನಾಗಿರುವ ವೈರ್ ಇಯರ್‌ಫೋನ್ ಮೂರು ಜೊತೆ ಇವೆ ನನ್ನ ಹತ್ತಿರ, ಬಾಳಿಕೆ ಬರಲಿ ಅನ್ನುವ ಫೋನಿನಲ್ಲಿ ಅವಕ್ಕೂ ಜಾಗ ಇರಬೇಕಲ್ವಾ?