ಗೋಲ್ಡ್‌ಬರ್ಗ್ ವೇರಿಯೇಷನ್ಸ್: ಮೊದಲಿನ ಟ್ಯೂನ್ ಎಲ್ಲಿ ಹೋಯ್ತು?

ಪ್ರಶ್ನೆ:
ಒಂದು ವಾರದಿಂದ ರಾತ್ರಿ ಪಾತ್ರೆ ತೊಳೆಯುವಾಗ ಜರ್ಮನ್ ಸಂಗೀತ ರಚನೆಕಾರ ಬಾಖ್‌ನ ಕೀಬೋರ್ಡ್ ಕೃತಿ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಕೇಳುತ್ತಿದ್ದೇನೆ. ಶುರುವಿನ ‘ಏರಿಯಾ’ ಅನ್ನೋ ಹಾಡಿನಂಥ ತುಣುಕು ಬಾಯಿಪಾಠ ಆಗಿದೆ. ಮುಂದಿನ 30 ವೇರಿಯೇಷನ್‌ಗಳಲ್ಲಿ, ಅಂದರೆ ಅದನ್ನೇ ಬೇರೆ ಬೇರೆ ರೀತಿ ಬದಲಿಸಿದ ತುಣುಕುಗಳಲ್ಲಿ, ಆ ಟ್ಯೂನ್ ಸಿಗುತ್ತಲೇ ಇಲ್ಲ. ನನ್ನ ಕಿವಿಯದೇ ತಪ್ಪಾ?

ಉತ್ತರ 1:
ಕಿವಿ ಸರಿಯಾಗೇ ಇದೆ. ನೀವು ಬಲಗೈ ಹಿಂದೆ ಹೋಗಿದ್ದೀರಿ, ಎಡಗೈ ಕೇಳಿ. ಜಿ, ಎಫ್ ಶಾರ್ಪ್, ಇ, ಡಿ ಅಂತ ಮೆಟ್ಟಿಲು ಇಳಿಯುವ ಬೇಸ್ (ಎಲ್ಲಕ್ಕಿಂತ ಕೆಳಗಿನ ದನಿ) ಇದೆಯಲ್ಲ, ಬಾಖ್ ಬಿಡದೆ ಹಿಡಿದಿರುವುದು ಅದನ್ನೇ. ನಾನೂ ಮೇಲಿನ ಟ್ಯೂನ್ ಹುಡುಕಿ ಸುಸ್ತಾದವನು. ಮನೆಯ ಕೀಬೋರ್ಡ್‌ನಲ್ಲಿ 5ನೆಯ ವೇರಿಯೇಷನ್ ನುಡಿಸಲು ಹೋಗಿ ಎರಡು ಕೈಗಳಿಗೂ ಜಗಳ! 1741ರಲ್ಲಿ ಅಚ್ಚಾದಾಗ ಈ ಕೃತಿ ಎರಡು ಸಾಲು ಕೀಲಿಗಳ ಹಾರ್ಪ್ಸಿಕಾರ್ಡ್‌ಗಾಗಿ (ಪಿಯಾನೋಗಿಂತ ಹಳೆಯ ಕೀಲಿವಾದ್ಯ) ಇತ್ತು, ಅದಕ್ಕೇ.

ಉತ್ತರ 2:
27ನೆಯ ವೇರಿಯೇಷನ್‌ವರೆಗೆ ಪ್ರತಿ ಮೂರನೆಯದು ಕ್ಯಾನನ್. ಒಂದು ದನಿ ಹೋದ ದಾರಿಯಲ್ಲೇ ಇನ್ನೊಂದು ಬರುತ್ತದೆ. 3ರಲ್ಲಿ ಅದೇ ಸ್ವರದಿಂದ, 6ರಲ್ಲಿ ಒಂದು ಸ್ವರ ಮೇಲಿಂದ. 30ರಲ್ಲಿ ಮಾತ್ರ ಜನಪದ ಹಾಡುಗಳನ್ನು ಬೆರೆಸಿ ತಮಾಷೆ ಮಾಡಿದ್ದಾನೆ. ನನಗೆ ಇಡೀ ಕೃತಿಗಿಂತ 25 ಜಾಸ್ತಿ ಇಷ್ಟ. ಅದನ್ನು ಸುಮ್ನೆ ಕೂತು ಕೇಳಿ.

ಪ್ರಶ್ನೆ ಕೇಳಿದವರು:
ಇಯರ್‌ಫೋನ್ ಹಾಕಿ ಕೇಳಿದೆ. 1ನೆಯದರಲ್ಲೇ ಬೇಸ್ ಸಿಕ್ಕಿತು! ಇಷ್ಟು ದಿನ ನಲ್ಲಿ ಸದ್ದಲ್ಲಿ ಮುಳುಗಿತ್ತು ಅನ್ಸುತ್ತೆ.